ಬಿಸ್ಕತ್ತು ಡಬ್ಬಿಯ ಪಿನ್ನು

ಕಂಪನಿಯ ಬಿಲ್ಲನ್ನು ಮೇಸ್ತ್ರಮ್ಮ ಓದುವುದನ್ನು ನೀವು ಒಮ್ಮೆ ಕೇಳಬೇಕಿತ್ತು. ಲಾರಿ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಒಂದೊಂದೇ ಸಾಲನ್ನು ಅವಳು ರಾಗ ಎಳೆದು ಓದುತ್ತಿದ್ದರೆ ಟೀ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ಲೋಟ ಕೆಳಗಿಟ್ಟು ನಗುತ್ತಿದ್ದರು.

"ಇಂಜಿನ್ ಆಯಿಲ್ ಬದಲಾಯಿಸಿದ್ದಕ್ಕೆ ಇಷ್ಟು. ಸರಿ. ಬದಲಾಯಿಸಿದ ಕೈಗೆ ಇಷ್ಟು. ಅದೂ ಸರಿ ಅನ್ನೋಣ. ಆ ಕೈ ಒರೆಸಿದ ಬಟ್ಟೆಗೆ ಇಷ್ಟಂತೆ! ಅಯ್ಯೋ ನಿಮ್ಮ, ಕೈ ಒರೆಸ್ಕೊಂಡಿದ್ದು ನೀವು, ದುಡ್ಡು ಕೊಡೋದು ನಾವಾ?"

ಬಿಲ್ಲು ಅವಳದೇ ಆಗಿರಬೇಕೆಂದೇನೂ ಇರಲಿಲ್ಲ. ಹೊಸ ಲಾರಿ ತೆಗೆದುಕೊಂಡವರು ಸರ್ವಿಸ್ ಮಾಡಿಸಿ ಬಂದು, ಹೊಟ್ಟೆಯುರಿ ತಾಳಲಾರದೆ, ತಮ್ಮ ಬಿಲ್ಲನ್ನು ತಾವೇ ತಂದು ಅವಳ ಕೈಗೆ ಕೊಡುತ್ತಿದ್ದರು. ದುಡ್ಡಂತೂ ಹೋಯಿತು, ನಗುವಾದರೂ ಬರಲಿ ಎಂದು.

ಅವಳಪ್ಪ ಲಾರಿ ರಿಪೇರಿಯ ಮೇಸ್ತ್ರಿ. ಅವನು ಹೋದ ಮೇಲೆ ಅವನ ಸ್ಪ್ಯಾನರುಗಳು, ಜಾಕು, ಮೂತಿಯಲ್ಲಿ ಚಕ್ಕೆ ಎದ್ದಿದ್ದ ಸುತ್ತಿಗೆ, ಎಲ್ಲವೂ ಇವಳ ಪಾಲಿಗೆ ಬಂದವು, ಅವುಗಳ ಹಿಂದೆಯೇ ಹೆಸರೂ ಬಂತು. ಮನೆಗಿದ್ದದ್ದು ಒಂದೇ ಲಾರಿ. ಓಡಿಸುವವನು ಗಂಡ, ನೋಡಿಕೊಳ್ಳುವವಳು ಇವಳು. ಮೊದಲೆರಡು ವರ್ಷ ವಾರಂಟಿಯ ಮುಲಾಜಿಗೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಬಂದಳು. ವಾರಂಟಿ ಮುಗಿದ ಮಾರನೇ ದಿನವೇ ಗಾಡಿಯನ್ನು ಮನೆ ಹಿಂದಿನ ತಗಡಿನ ಶೆಡ್ಡಿಗೆ ಹೊಡೆಸಿ, ಅಪ್ಪನ ಹಳೇ ಖಾಕಿ ಅಂಗಿ ತೊಟ್ಟುಕೊಂಡು ಅದರ ಕೆಳಗೆ ನುಗ್ಗಿದಳು. ಕಂಪನಿ ಕೇಳುವ ದುಡ್ಡಿನ ಮೂರರಲ್ಲೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತಿತ್ತು. ಹಾಗೆ ಉಳಿಸಿದ್ದರಲ್ಲೇ ಮನೆಗೆ ಇನ್ನೊಂದು ಕೋಣೆ ಎದ್ದಿತು. ಗಂಡಹೆಂಡತಿ ಅದನ್ನು "ಕಂಪನಿ ಕೋಣೆ" ಎಂದೇ ಕರೆಯುತ್ತಿದ್ದರು.

ಗಂಡನಿಗೆ ಹೆಂಡತಿಯ ಕೈಕೆಲಸವೆಂದರೆ ಎಷ್ಟು ಹೆಮ್ಮೆಯೆಂದರೆ, ಅದು ಒಂದು ಚಟವೇ ಆಗಿಬಿಟ್ಟಿತ್ತು. ಬೇರೆ ಡ್ರೈವರುಗಳು ಗಾಡಿ ತೆಗೆಯುವ ಮುಂಚೆ ಸುತ್ತು ಹಾಕುತ್ತಾರೆ, ಟೈರಿಗೆ ತಟ್ಟುತ್ತಾರೆ, ಬಗ್ಗಿ ನೋಡುತ್ತಾರೆ. ಇವನು ಊಟದ ಚೀಲ ಹಿಡಿದು ಬಂದವನೇ ಹತ್ತಿ ಕೂತು ಚಾಲೂ ಮಾಡುತ್ತಿದ್ದ. ಯಾರಾದರೂ ಕೇಳಿದರೆ, "ಅವ್ಳು ಬಿಗಿ ಮಾಡಿದ್ದನ್ನ ನಾನು ತಿರುಗಿ ನೋಡಲ್ಲಪ್ಪ. ನೋಡಿದ್ರೆ ಅವ್ಳಿಗೆ ಅವಮಾನ" ಅನ್ನುತ್ತಿದ್ದ. ಅದನ್ನು ಕೇಳಿದಾಗೆಲ್ಲ ಮೇಸ್ತ್ರಮ್ಮ ಮುಖ ತಿರುಗಿಸಿಕೊಂಡು, "ಸಾಕು ಹೋಗ್ರೀ" ಎಂದು ಗದರುತ್ತಿದ್ದಳು. ಒಳಗೊಳಗೇ ಉಬ್ಬುತ್ತಿದ್ದಳು ಅನ್ನುವುದನ್ನು ಬೇರೆ ಹೇಳಬೇಕೆ?

ಇನ್ನು ತಮ್ಮ. ಇವಳಿಗಿಂತ ಆರು ವರ್ಷಕ್ಕೆ ಚಿಕ್ಕವನು, ಅದೇ ಶೆಡ್ಡಿನಲ್ಲಿ ಅದೇ ಗ್ರೀಸು ಮೆತ್ತಿಕೊಂಡು ಬೆಳೆದವನು. ಅವನು ಹೋಗಿ ಸೇರಿದ್ದು ಅದೇ ಕಂಪನಿಯ ಸರ್ವಿಸ್ ಸೆಂಟರಿಗೆ. ಗಾಡಿ ತಂದವರನ್ನು ಕೂರಿಸಿ, ಏನೇನು ಮಾಡಿಸಬೇಕೆಂದು ಹೇಳಿ, ಬಿಲ್ಲು ಒಪ್ಪಿಸುವ ಕೆಲಸ. ಕೊರಳಿಗೆ ಟೈ ಬೇರೆ. ಅಕ್ಕ ಅವನನ್ನು "ಏನ್ರೀ ಸಾಹೇಬ್ರೆ" ಎಂದೇ ಮಾತಾಡಿಸುತ್ತಿದ್ದಳು. ಅವನೂ ಏನು ಕಮ್ಮಿಯಿಲ್ಲ, "ಗ್ರೀಸು ತಿಂದು ಬದುಕೋರ ಜೊತೆ ನಮಗೇನು ಮಾತು" ಎಂದು ಹಲ್ಲು ಕಿರಿಯುತ್ತಿದ್ದ. ಇಬ್ಬರಿಗೂ ಪರಸ್ಪರ ಜೀವ.

ಈಗ ಒಂದು ಪಿನ್ನಿನ ವಿಷಯ ಹೇಳಲೇಬೇಕು. ಲಾರಿಯ ಬ್ರೇಕು ಒತ್ತಿದಾಗ ಗಾಳಿ ಒಂದು ಸರಳನ್ನು ತಳ್ಳುತ್ತದೆ, ಆ ಸರಳು ಚಕ್ರದ ಬ್ರೇಕಿನ ತೋಳನ್ನು ತಳ್ಳುತ್ತದೆ. ಸರಳಿಗೂ ತೋಳಿಗೂ ನಡುವೆ ಹೆಬ್ಬೆರಳು ಗಾತ್ರದ ಒಂದು ಪಿನ್ನು. ಆ ದಪ್ಪ ಪಿನ್ನು ಜಾರಿ ಬೀಳದಂತೆ ಅದರ ತೂತಿನಲ್ಲಿ ಇನ್ನೊಂದು ಸಣ್ಣ ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಮಡಚುತ್ತಾರೆ. ತಲೆಗೆ ಸಿಕ್ಕಿಸುವ ಪಿನ್ನಿನ ಹಾಗೇ ಇರುತ್ತದೆ, ಸ್ಪ್ಲಿಟ್ ಪಿನ್ ಅನ್ನುತ್ತಾರೆ. ಬಿಚ್ಚಿದಾಗೆಲ್ಲ ಹಳೆಯದನ್ನು ಎಸೆದು ಹೊಸದು ಹಾಕಬೇಕು, ಏಕೆಂದರೆ ಮಡಚಿ, ಬಿಡಿಸಿ, ಮತ್ತೆ ಮಡಚಿದರೆ ಅದರ ಸತ್ವ ಹೋಗುತ್ತದೆ. ಒಂದು ಟೀಗಿಂತ ಕಡಿಮೆ ಬೆಲೆ. ಅಪ್ಪ ಬದುಕಿದ್ದಷ್ಟು ದಿನ ಹಳೇ ಪಿನ್ನು ತೆಗೆದ ಕೂಡಲೇ ಇಕ್ಕಳದಲ್ಲಿ ಮುರಿದು ಚರಂಡಿಗೆ ಬಿಸಾಕುತ್ತಿದ್ದ. "ಕಣ್ಣ ಮುಂದೆ ಇದ್ರೆ ಕೈ ಅದ್ರ ಕಡೆಗೇ ಹೋಗುತ್ತೆ" ಅನ್ನುತ್ತಿದ್ದ. ಮೇಸ್ತ್ರಮ್ಮನೂ ವರ್ಷಗಟ್ಟಲೆ ಹಾಗೇ ಮಾಡಿದಳು.

ಹೀಗಿರುವಾಗ ಒಂದು ದಿನ ಯಾರದೋ ಬಿಲ್ಲು ಓದುತ್ತ "ಸ್ಪ್ಲಿಟ್ ಪಿನ್, ಇಪ್ಪತ್ನಾಲ್ಕು" ಅನ್ನುವ ಸಾಲಿಗೆ ಬಂದಳು. ಬೆಲೆ ನೋಡಿದರೆ ಅಂಗಡಿಗಿಂತ ಎಂಟು ಪಟ್ಟು. ಅದೇ ಹೊತ್ತಿಗೆ ತಮ್ಮ ಅಲ್ಲಿಗೆ ಟೀಗೆ ಬಂದಿದ್ದ. ಇವಳು ಬಿಟ್ಟಾಳೆಯೇ? ಎಲ್ಲರೆದುರಿಗೇ ಹಿಡಿದುಕೊಂಡಳು.

"ಏನ್ರೀ ಸಾಹೇಬ್ರೆ, ಇದು ಚಿನ್ನದ ಪಿನ್ನಾ?"

ತಮ್ಮ ಆಚೆ ಈಚೆ ನೋಡಿ, ಅಕ್ಕನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ನಕ್ಕ. "ಚಿನ್ನದ್ದೂ ಅಲ್ಲ, ಹೊಸದೂ ಅಲ್ಲ ಅಕ್ಕ. ಕೆಲಸ ಜಾಸ್ತಿ ಇದ್ದಾಗ ಹುಡುಗ್ರು ಹಳೇದನ್ನೇ ನೆಟ್ಟಗೆ ಮಾಡಿ ಹಾಕ್ಬಿಡ್ತಾರೆ. ಬಿಲ್ಲಲ್ಲಿ ಮಾತ್ರ ಹೊಸದು. ಏನೂ ಆಗಲ್ಲ ಬಿಡು, ಎಷ್ಟು ವರ್ಷದಿಂದ ನೋಡ್ತಿದೀನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮನಿಗೂ ಅವನ ಕಂಪನಿಗೂ ಬಾಯಿಗೆ ಬಂದಂತೆ ಬೈದಳು. ಆದರೆ ನೋಡಿ, ಮನುಷ್ಯರ ಬುದ್ಧಿ ಎಂಥದು. ಕಂಪನಿಯ ಒಂದು ಮಾತನ್ನೂ ನಂಬದವಳು ಇದೊಂದನ್ನು ಕಣ್ಣುಮುಚ್ಚಿ ನಂಬಿದಳು. ಅಷ್ಟು ದೊಡ್ಡ ಕಂಪನಿಯವರೇ ಹಾಕುತ್ತಾರಂತೆ, ಏನೂ ಆಗುವುದಿಲ್ಲವಂತೆ, ಇಷ್ಟು ದಿನ ನಾನೊಬ್ಬಳು ಪೆದ್ದಿ ಚರಂಡಿಗೆ ಎಸೆದುಕೊಂಡು ಕೂತಿದ್ದೆನಲ್ಲ! ಮುಂದಿನ ಸಲ ಬ್ರೇಕು ಬಿಚ್ಚಿದಾಗ ಹಳೇ ಪಿನ್ನುಗಳನ್ನು ಒಂದು ಖಾಲಿ ಬಿಸ್ಕತ್ತು ಡಬ್ಬಿಗೆ ಹಾಕಿದಳು. ಅದರ ಮುಂದಿನ ಸಲ ಅವನ್ನೇ ಅಪ್ಪನ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿ ಹಾಕಿದಳು. ಏನೂ ಆಗಲಿಲ್ಲ. ಅದರ ಮುಂದಿನ ಸಲವೂ ಏನೂ ಆಗಲಿಲ್ಲ.

ಆಮೇಲೆ ಆಯಿತು.

ಊರಾಚೆ ಒಂದು ದೊಡ್ಡ ಗೋದಾಮು. ರಸ್ತೆಯಿಂದ ಅದರ ಗೇಟಿಗೆ ಇಳಿಜಾರು. ಗೇಟಿನ ಬಲಕ್ಕೆ ಕಾವಲುಗಾರನ ಗೂಡು, ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಎಲ್ಲರೂ ತಾತ ಎಂದು ಕರೆಯುತ್ತಿದ್ದ ಮುದುಕ. ಮೇಸ್ತ್ರಮ್ಮನ ಗಂಡ ಬಂದಾಗೆಲ್ಲ ಅವನು, "ಏನಪ್ಪಾ, ಇವತ್ತೂ ಹೆಂಡ್ತಿ ರಿಪೇರಿ ಮಾಡಿ ಕಳ್ಸಿದ್ಲಾ, ಗಾಡೀನಾ ನಿನ್ನಾ?" ಎಂದು ಛೇಡಿಸುತ್ತಿದ್ದ. ಆ ದಿನ ಲಾರಿ ತುಂಬಿದ ಲೋಡಿನಲ್ಲಿ ಇಳಿಜಾರು ಇಳಿಯಿತು, ನಿಲ್ಲಬೇಕಾದ ಕಡೆ ನಿಲ್ಲದೆ ಬಲಕ್ಕೆ ಎಳೆದುಕೊಂಡು ಹೋಗಿ ಗೂಡಿಗೆ ನುಗ್ಗಿತು. ತಾತ ಏಳುವಷ್ಟರಲ್ಲಿ ಮುಗಿದೇ ಹೋಗಿತ್ತು.

"ನಾನು ಬ್ರೇಕ್ ಒತ್ದೆ. ಗಾಡಿ ಬಲಕ್ಕೆ ಎಳೀತು" ಎಂದ ಗಂಡ. ಪೊಲೀಸರಿಗೂ ಅದನ್ನೇ ಹೇಳಿದ, ಗೋದಾಮಿನವರಿಗೂ ಅದನ್ನೇ ಹೇಳಿದ. ಯಾರೂ ನಂಬಲಿಲ್ಲ. ಎಲ್ಲ ಡ್ರೈವರುಗಳೂ ಹೇಳುವುದೇ ಅದಲ್ಲವೇ? ಲೈಸೆನ್ಸು ಕಿತ್ತುಕೊಂಡರು, ಕೇಸು ಹಾಕಿದರು, ಲಾರಿಯನ್ನು ಪರೀಕ್ಷೆಗೆಂದು ಎಳೆದುಕೊಂಡು ಹೋಗಿ ತಮ್ಮನ ಸರ್ವಿಸ್ ಸೆಂಟರಿನ ಹಿಂದಿನ ಅಂಗಳದಲ್ಲಿ ನಿಲ್ಲಿಸಿದರು.

ಊರು ನಂಬದಿದ್ದರೆ ಹಾಳಾಗಿ ಹೋಗಲಿ. ಹೆಂಡತಿಯೇ ನಂಬಲಿಲ್ಲ. ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಅವಳೇ ಕೈಯಾರೆ ನೋಡಿದ್ದ ಬ್ರೇಕು. ತನ್ನ ಕೈ ತಪ್ಪುವುದಿಲ್ಲ, ಹಾಗಾದರೆ ತಪ್ಪಿದ್ದು ಅವನ ಕಾಲು. ಅವಳ ಲೆಕ್ಕ ಇಷ್ಟೇ.

"ಫೋನ್ ನೋಡ್ತಿದ್ರಿ ಅಲ್ವಾ? ನಿಜ ಹೇಳ್ರೀ."

"ಇಲ್ಲ ಕಣೇ. ಆಣೆಗೂ ಇಲ್ಲ."

ಫೋನು ಕಿತ್ತುಕೊಂಡು ನೋಡಿದಳು. ಆ ಹೊತ್ತಿಗೆ ಒಂದು ಕರೆಯೂ ಇರಲಿಲ್ಲ. ಅದನ್ನು ಕಂಡ ಮೇಲೂ, "ಹಾಗಾದ್ರೆ ಮಂಪರು ಹತ್ತಿರ್ಬೇಕು" ಎಂದಳು. ಎಷ್ಟು ಸಲ ಅಂದಳೋ ಲೆಕ್ಕವಿಲ್ಲ. ಊಟಕ್ಕೆ ಬಡಿಸುತ್ತ ಅಂದಳು, ಬಟ್ಟೆ ಮಡಚುತ್ತ ಅಂದಳು. ಮೊದಮೊದಲು ಅವನು ತಿರುಗಿ ಕೂಗಾಡುತ್ತಿದ್ದ, ಆಮೇಲೆ ಸುಮ್ಮನಾದ. ಹಗಲೆಲ್ಲ ಕಂಪನಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಕೂತಲ್ಲೇ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಹದಿನೆಂಟನೇ ದಿನ ಮಧ್ಯಾಹ್ನ ತಮ್ಮನ ಫೋನು ಬಂತು. "ಅಕ್ಕ, ಬಾ ಇಲ್ಲಿಗೆ. ಒಬ್ಳೇ ಬಾ." ಇಷ್ಟೇ ಹೇಳಿ ಇಟ್ಟುಬಿಟ್ಟ.

ಸರ್ವಿಸ್ ಸೆಂಟರಿನ ಮುಂಭಾಗದಲ್ಲಿ ಗಾಜಿನ ಕೋಣೆ, ಮೆತ್ತನೆ ಸೋಫಾ, ತಣ್ಣೀರಿನ ಯಂತ್ರ. ಹಿಂದಿನ ಅಂಗಳದಲ್ಲಿ ನಜ್ಜುಗುಜ್ಜಾದ ಗಾಡಿಗಳು. ಅವುಗಳ ಮಧ್ಯೆ ಅವಳ ಲಾರಿ. ಮುಂದಿನ ಗಾಜಿಲ್ಲ, ಬಂಪರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಇನ್ನೂ ಸಿಕ್ಕಿಕೊಂಡಿತ್ತು. ತಮ್ಮ ಅಂಗಳದಲ್ಲಿ ಕಾಣಲಿಲ್ಲ. ಬಗ್ಗಿ ನೋಡಿದರೆ ಲಾರಿಯ ಕೆಳಗೆ ಮಲಗಿದ್ದ, ಬಿಳಿ ಅಂಗಿಯಲ್ಲೇ. ಟೈಯನ್ನು ಮಡಚಿ ಜೇಬಿಗೆ ತುರುಕಿಕೊಂಡಿದ್ದ. ಅವಳೂ ತೆವಳಿಕೊಂಡು ಹೋಗಿ ಪಕ್ಕದಲ್ಲಿ ಮಲಗಿದಳು. ಚಿಕ್ಕಂದಿನಲ್ಲಿ ಅಪ್ಪ ಕೆಲಸ ಮಾಡುವಾಗ ಇಬ್ಬರೂ ಹೀಗೇ ಮಲಗಿ ನೋಡುತ್ತಿದ್ದರು.

ತಮ್ಮ ಎಡಗಡೆಯ ಮುಂದಿನ ಚಕ್ರದ ಹಿಂದಕ್ಕೆ ಟಾರ್ಚು ಬಿಟ್ಟ. ಸರಳು ಒಂದು ಕಡೆ, ಬ್ರೇಕಿನ ತೋಳು ಒಂದು ಕಡೆ. ದಪ್ಪ ಪಿನ್ನು ಅರ್ಧ ಜಾರಿ ಓರೆಯಾಗಿ ಸಿಕ್ಕಿಕೊಂಡಿತ್ತು, ಅದರ ತೂತಿನಲ್ಲಿ ಸ್ಪ್ಲಿಟ್ ಪಿನ್ನಿನ ಒಂದು ತುಂಡು. ತಮ್ಮ ಅದನ್ನು ಇಕ್ಕಳದಿಂದ ಎಳೆದು ಅಕ್ಕನ ಅಂಗೈ ಮೇಲಿಟ್ಟ. ಮಡಚಿದ ಗೆರೆ ಒಂದಲ್ಲ, ಮೂರಿದ್ದವು. ಪಕ್ಕದಲ್ಲಿ ಉಗುರು ಚುಚ್ಚಿದ ಹಾಗೆ ಬಾಗಿದ ಒಂದು ಕಚ್ಚು. ಚಕ್ಕೆ ಎದ್ದ ಸುತ್ತಿಗೆಯ ಮೂತಿ ಬಿದ್ದಲ್ಲೆಲ್ಲ ಆ ಕಚ್ಚು ಮೂಡುತ್ತದೆ.

"ಅಪ್ಪನ ಸುತ್ತಿಗೆ" ಎಂದ ತಮ್ಮ.

ಎಡಗಡೆ ಬ್ರೇಕು ಹಿಡಿಯದಿದ್ದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಹಾಗಂತ ಮೊದಲ ದಿನದಿಂದ ಒಬ್ಬ ಮನುಷ್ಯ ಅವಳ ಮುಂದೆ ಕೂತು ಬಾಯಿ ಬಡಿದುಕೊಂಡಿದ್ದ. ಲಾರಿ ಸ್ಟ್ಯಾಂಡಿಗೆಲ್ಲ ಬುದ್ಧಿ ಹೇಳುವ ಮೇಸ್ತ್ರಮ್ಮನಿಗೆ ಅಷ್ಟೂ ಹೊಳೆದಿರಲಿಲ್ಲ.

"ನಾನು ಆವತ್ತು ಆ ಮಾತು ಹೇಳ್ಬಾರ್ದಿತ್ತು ಅಕ್ಕ" ಎಂದ ತಮ್ಮ. "ನಮ್ಮಲ್ಲಿ ಎಷ್ಟು ಗಾಡಿಗೆ ಹಾಗೆ ಹಾಕಿ ಕಳ್ಸಿದಾರೋ ಅಂತ ಈಗ ಹೊಟ್ಟೇಲಿ ಬೆಂಕಿ ಬಿದ್ದಿದೆ."

"ಹೇಳ್ದೋನು ನೀನು, ಕೇಳ್ದೋಳು ನಾನು. ಬೇಡ ಅಂತ ಅಪ್ಪ ಬೇರೆ ಹೇಳಿದ್ದ."

ಆಮೇಲೆ ತಮ್ಮ ಮೆಲ್ಲಗೆ ಶುರುಮಾಡಿದ. ಪರೀಕ್ಷೆ ಮಾಡುವ ಅಧಿಕಾರಿ ನಾಳೆ ಹನ್ನೊಂದಕ್ಕೆ ಬರುತ್ತಾನೆ. ಇದನ್ನು ಇನ್ನೂ ಯಾರೂ ನೋಡಿಲ್ಲ. ಇವತ್ತೇ ದಪ್ಪ ಪಿನ್ನನ್ನು ಜಾಗಕ್ಕೆ ಕೂರಿಸಿ, ಒಂದು ಸ್ಪ್ಲಿಟ್ ಪಿನ್ ಹಾಕಿಬಿಟ್ಟರೆ ಬ್ರೇಕು ಸರಿಯಾಗಿತ್ತು ಅಂತಾಗುತ್ತದೆ. ಇಲ್ಲದಿದ್ದರೆ ಕೇಸು ಇವಳ ಕಡೆ ತಿರುಗುತ್ತದೆ. ಇನ್ಶೂರೆನ್ಸಿನವರು ಮನೆಯಲ್ಲಿ ಮಾಡಿದ ರಿಪೇರಿ ಎಂದು ಕೈ ಎತ್ತುತ್ತಾರೆ. ಲಾರಿಯೂ ಹೋಯಿತು, ಹೆಸರೂ ಹೋಯಿತು.

"ಹೊಸ ಪಿನ್ ಹಾಕ್ತೀನಿ ಅಕ್ಕ. ಅರ್ಧ ಗಂಟೆ ಕೆಲಸ."

"ಈಗ ಹಾಕ್ತೀಯೇನೋ ಹೊಸದು?" ಎಂದಳು ಅವಳು. ತಮ್ಮ ಮುಖ ಆಚೆಗೆ ತಿರುಗಿಸಿಕೊಂಡ. "ಹಾಗಾದ್ರೆ ನಿಮ್ಮ ಭಾವ?"

"ಭಾವ ಹೇಗೂ ಒಪ್ಕೊಳ್ಳೋ ಹಾಗೆ ಕಾಣ್ತಾರೆ. ಮೊನ್ನೆ ನಾನು ಮನೆಗೆ ಬಂದಾಗ ನನ್ನ ಹತ್ರ ಅಂದ್ರು, ಕಾಲು ತಡ ಆಯ್ತೇನೋ ಅಂತ."

ಅವಳು ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೆಳಗಿನಿಂದ ತೆವಳಿ ಹೊರಬಂದಳು. "ಅಲ್ಲಿ ಯಾವುದನ್ನೂ ಮುಟ್ಟಬೇಡ. ನಾಳೆ ಬರ್ತೀನಿ" ಎಂದು ಹೇಳಿ ಹೊರಟಳು. ಬರುತ್ತೀನಿ ಅಂದಳಷ್ಟೆ, ಬಂದು ಏನು ಹೇಳುತ್ತೇನೆಂಬುದು ಅವಳಿಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಮನಸ್ಸು ಕಳ್ಳಾಟ ಆಡಿತು. ಸತ್ತವನು ಎದ್ದು ಬರುವುದಿಲ್ಲವಲ್ಲ, ಲಾರಿಯ ದುಡ್ಡು ಬಂದರೆ ತಾತನ ಹೆಂಡತಿಗೂ ಏನಾದರೂ ಕೊಡಬಹುದಲ್ಲ, ಗಂಡನಿಗೆ ಆಮೇಲೆ ಯಾವಾಗಲಾದರೂ ಹೇಳಿದರಾಯಿತಲ್ಲ. ಇಂಥ ಲೆಕ್ಕಗಳಿಗೆ ಕೊನೆಯೆಲ್ಲಿ?

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಂಪನಿ ಕೋಣೆಯಲ್ಲಿ ಗಂಡ ಅದೇ ಕುರ್ಚಿಯಲ್ಲಿ ಕೂತಿದ್ದ. ಕಾಲು ಒತ್ತುತ್ತಿತ್ತು, ಬಿಡುತ್ತಿತ್ತು. ನೆಲದ ಆ ಜಾಗ ಸವೆದು ಬೆಳ್ಳಗಾಗಿದ್ದನ್ನು ಅವಳು ಈಗಷ್ಟೇ ಕಂಡಳು.

"ಬಂದ್ಯಾ" ಎಂದ ಅವನು. "ಕೂತ್ಕೋ, ಒಂದು ಮಾತು ಹೇಳ್ಬೇಕು. ನಾಳೆ ಲಾರಿ ಪರೀಕ್ಷೆ ಮಾಡೋಕೆ ಆ ಸಾಹೇಬ್ರು ಬರ್ತಾರಂತಲ್ಲ, ನಾನೂ ಹೋಗಿ ಹೇಳ್ಬಿಡ್ತೀನಿ. ತಪ್ಪು ನಂದೇ ಅಂತ."

"ಯಾಕೆ?"

"ಎಷ್ಟು ದಿನ ಅಂತ ಇಲ್ಲ ಇಲ್ಲ ಅಂತಿರ್ಲಿ? ಒತ್ತಿದ ಹಾಗೇ ಅನ್ಸುತ್ತೆ ನಂಗೆ. ಆದ್ರೆ ಬ್ರೇಕು ನೋಡಿದ್ದು ನೀನು. ನೀನು ನೋಡಿದ ಮೇಲೆ ಅದು ಸರಿ ಇರ್ಲೇಬೇಕು. ನನ್ನ ಕಾಲೇ ಸುಳ್ಳು ಹೇಳ್ತಿದೆ." ಅವನು ನಗಲು ನೋಡಿದ, ಆಗಲಿಲ್ಲ.

ಅವಳಿಗೆ ಅಳು ಒತ್ತರಿಸಿ ಬಂತು. ದಾರಿಯಲ್ಲಿ ಹಾಕಿದ ಲೆಕ್ಕಗಳೆಲ್ಲ ಎಲ್ಲಿ ಹೋದವೋ. ಅವನ ಮುಂದೆ ನೆಲದ ಮೇಲೆ ಕುಸಿದು ಕೂತು, ಮುಷ್ಟಿ ಬಿಚ್ಚಿ ಆ ತುಂಡನ್ನು ತೋರಿಸಿದಳು. ಡಬ್ಬಿಯ ವಿಷಯ ಹೇಳಿದಳು, ಸುತ್ತಿಗೆಯ ವಿಷಯ ಹೇಳಿದಳು, ತಮ್ಮ ಅಂದದ್ದು, ತಾನು ನಂಬಿದ್ದು, ಒಂದೂ ಬಿಡದೆ ಹೇಳಿದಳು.

"ಅಂದ್ರೆ ನಾನು ಒತ್ತಿದ್ದೆ" ಎಂದ ಕೊನೆಗೆ.

"ಒತ್ತಿದ್ರಿ."

"ಇನ್ನೊಂದ್ಸಲ ಹೇಳು."

"ಒತ್ತಿದ್ರಿ ರೀ. ಸರಿಯಾದ ಹೊತ್ತಿಗೇ ಒತ್ತಿದ್ರಿ. ಹಿಡೀಲಿಲ್ಲ ಅಷ್ಟೆ."

ಅವನ ಕಾಲು ನಿಂತಿತು. ಹದಿನೆಂಟು ದಿನದಲ್ಲಿ ಮೊದಲ ಸಲ ಅದು ನೆಲದ ಮೇಲೆ ಸುಮ್ಮನೆ ಕೂತಿತು. ಅವನು ಎರಡೂ ಕೈಯಲ್ಲಿ ತನ್ನ ಮೊಣಕಾಲನ್ನು ಹಿಡಿದುಕೊಂಡು, ಹೊಡೆದ ಮಗುವನ್ನು ಆಮೇಲೆ ಸವರುವಂತೆ ಸವರುತ್ತ ಬಿಕ್ಕಿಬಿಕ್ಕಿ ಅತ್ತ. ಅವಳು ಅವನ ಭುಜ ಮುಟ್ಟಲು ಹೋದಳು. ಅವನು ತಳ್ಳಲಿಲ್ಲ, ಬೈಯಲಿಲ್ಲ, ಸ್ವಲ್ಪ ಸರಿದು ಕೂತ ಅಷ್ಟೇ. ಒಂದೆರಡು ಏಟು ಬಾರಿಸಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಮಾರನೇ ದಿನ ಹನ್ನೊಂದಕ್ಕೆ ಅವಳು ಅಂಗಳದಲ್ಲಿ ನಿಂತಿದ್ದಳು. ಅಧಿಕಾರಿ ಅವಳು ಒಪ್ಪಿಸಿದ ತುಂಡನ್ನು ಒಂದು ಪೊಟ್ಟಣಕ್ಕೆ ಹಾಕಿ, "ಇದನ್ನ ಹಾಕಿದ್ದು ಯಾರು?" ಎಂದು ಕೇಳಿದ. "ನಾನು" ಎಂದಳು. "ನೀವಾ? ನಿಮಗೆ ಇದೆಲ್ಲ ಬರುತ್ತಾ?" ಎಂದ. "ಬರುತ್ತೆ ಅಂದ್ಕೊಂಡಿದ್ದೆ" ಎಂದಳು. ತಮ್ಮ ತಲೆ ತಗ್ಗಿಸಿ ನಿಂತು ವರದಿಯ ಕೆಳಗೆ ಸಾಕ್ಷಿಯಾಗಿ ಸಹಿ ಹಾಕಿದ.

ತಮ್ಮ ಹಿಂದಿನ ದಿನ ಹೇಳಿದ್ದೆಲ್ಲ ಅಕ್ಷರಶಃ ಆಯಿತು. ಕೇಸಿನಲ್ಲಿ ಗಂಡನ ಹೆಸರು ಹೋಗಿ ಇವಳ ಹೆಸರು ಬಂತು, ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾಳೆ. ಇನ್ಶೂರೆನ್ಸು ಕೈ ಎತ್ತಿತು. ಲಾರಿ ಗುಜರಿಗೆ ಹೋಯಿತು. ತಾತನ ಹೆಂಡತಿಯ ಮುಂದೆ ಹೋಗಿ ನಿಂತಾಗ ಆ ಮುದುಕಿ ಬಾಗಿಲು ಹಾಕಿಕೊಂಡಳು. ಸ್ಟ್ಯಾಂಡಿನಲ್ಲಿ ಈಗ ಯಾರೂ ಇವಳಿಗೆ ಬಿಲ್ಲು ಓದಲು ಕೊಡುವುದಿಲ್ಲ. ಕೊಟ್ಟರೂ ಇವಳು ಓದುವವಳಲ್ಲ. ತಮ್ಮ ತನ್ನ ಸರ್ವಿಸ್ ಸೆಂಟರಿನ ಹಳೇ ಪಿನ್ನುಗಳನ್ನೆಲ್ಲ ಎದುರು ನಿಂತು ಮುರಿಸಿಹಾಕುತ್ತಾನಂತೆ. ಅದಕ್ಕಾಗಿ ಅವನ ಮೇಲಿನವರಿಗೆ ಅವನನ್ನು ಕಂಡರೆ ಆಗುವುದಿಲ್ಲವಂತೆ.

ಗಂಡನಿಗೆ ಲೈಸೆನ್ಸು ವಾಪಸು ಸಿಕ್ಕಿತು. ಯಾರದೋ ಲಾರಿಗೆ ಸಂಬಳದ ಡ್ರೈವರಾಗಿ ಸೇರಿದ. ಕಂಪನಿಯಲ್ಲೇ ಸರ್ವಿಸ್ ಆಗುವ ಗಾಡಿ ಅದು. ಮೊದಲ ದಿನ ಬೆಳಿಗ್ಗೆ ಲಾರಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ್ದ. ಮೇಸ್ತ್ರಮ್ಮ ಊಟದ ಡಬ್ಬಿ ಕಟ್ಟುತ್ತ ಕಿಟಕಿಯಿಂದ ನೋಡುತ್ತಿದ್ದಳು. ಅವನು ಟಾರ್ಚು ಹಿಡಿದು ನೆಲಕ್ಕೆ ಅಂಗಾತ ಮಲಗಿ ಒಂದೊಂದೇ ಚಕ್ರದ ಹಿಂದೆ ನೋಡಿದ. ಎದ್ದು ಟೈರಿಗೆಲ್ಲ ತಟ್ಟಿದ. ನೋಡಲಿ, ನೋಡಬೇಕಾದದ್ದೇ ಎಂದುಕೊಂಡಳು ಅವಳು.

ಕೈ ತೊಳೆದುಕೊಂಡು ಒಳಗೆ ಬಂದ. ಅವಳು ಚೀಲ ಮುಂದೆ ಹಿಡಿದಳು, ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ ಕೊಟ್ಟಳು.

"ಹುಷಾರು ರೀ."

"ಹೂಂ."

ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಾಟಲಿಯನ್ನು ತೆಗೆದುಕೊಂಡು, ಅದರ ಮುಚ್ಚಳವನ್ನು ತಿರುಗಿಸಿ ನೋಡಿದ. ಬಿಗಿಯಾಗಿಯೇ ಇತ್ತು. ಆದರೂ ಇನ್ನೊಮ್ಮೆ ತಾನೇ ಒತ್ತಿ ತಿರುಗಿಸಿ, ಚೀಲದಲ್ಲಿಟ್ಟುಕೊಂಡು ಹೊರಟ.